ಪೂಜೆಗೆ ಕೂತ ಪಿನ್ನು

ಬಹಳ ವರ್ಷ ನನ್ನ ಕೀಲಿಕೈಗಳ ಗೊಂಚಲು ಕಬ್ಬಿಣದ ಒಂದು ಕ್ಲಿಪ್ಪಿನಲ್ಲಿ ನೇತಾಡಿಕೊಂಡಿತ್ತು. ಸೊಲ್ಲಾಪುರದ ನಮ್ಮ ಓಣಿಯ ವ್ಯಾಪಾರಸ್ಥರ ಮನೆಗಳಲ್ಲಿ ಹೆಂಗಸರು ಕೀಲಿಗೊಂಚಲನ್ನು ಬೆಳ್ಳಿಯ ಕೊಕ್ಕೆಗೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ರೂಢಿ. ಕೊಕ್ಕೆಯ ಮೇಲೊಂದು ನವಿಲು, ಕೆಳಗೆ ನಾಲ್ಕಾರು ಗೆಜ್ಜೆ, ಅತ್ತೆ ಯಾವ ಕೋಣೆಯಿಂದ ಯಾವ ಕೋಣೆಗೆ ಹೊರಟಿದ್ದಾಳೆಂಬುದು ಸೊಸೆಯಂದಿರಿಗೆ ಮೊದಲೇ ತಿಳಿದುಹೋಗುವಂಥ ಏರ್ಪಾಡು. ನನ್ನ ಕ್ಲಿಪ್ಪಿಗೆ ನವಿಲೂ ಇಲ್ಲ, ನಾದವೂ ಇಲ್ಲ. ಕೂದಲಿಗೆ ಸಿಕ್ಕಿಸುವ ಪಿನ್ನಿಗೆ ಒಬ್ಬ ದಪ್ಪ ಅಣ್ಣನಿದ್ದರೆ ಹೇಗಿರುತ್ತಿದ್ದನೋ ಹಾಗಿತ್ತು ಅದು: ಒಂದು ಕಾಲು ನೆಟ್ಟಗೆ, ಇನ್ನೊಂದು ಕಾಲು ಡೊಂಕು, ತಲೆಯ ಹತ್ತಿರ ದುಂಡಗೆ ಒಂದು ಸುತ್ತು. ಓಣಿಯ ಗೆಳತಿಯರು ಅದನ್ನು ನೋಡಿ ನಗುತ್ತಿದ್ದರು. ಅವರ ನಗೆಗೆ ನಾನು ಹೆಚ್ಚು ಬೆಲೆ ಕೊಡುತ್ತಿರಲಿಲ್ಲ, ಏಕೆಂದರೆ ಅವರಲ್ಲಿ ಯಾರೂ ಟ್ರ್ಯಾಕ್ಟರಿನ ಬಿಡಿಭಾಗಗಳ ಅಂಗಡಿಯ ಗಲ್ಲೆಯ ಮೇಲೆ ಕುಳಿತವರಲ್ಲ.

ನಾನು ಕುಳಿತವಳು. ಯಜಮಾನರು ಗೋದಾಮು ನೋಡಿಕೊಳ್ಳುತ್ತಾರೆ, ಗಿರಾಕಿಗಳನ್ನು ನಾನು ನೋಡಿಕೊಳ್ಳುತ್ತೇನೆ. ಹೀಗೆ ನೋಡಿ ನೋಡಿಯೇ ಮನುಷ್ಯಜಾತಿಯ ಮೇಲೆ ನನಗೆ ಈ ತಾತ್ಸಾರ ಹುಟ್ಟಿದ್ದು. ಓದುಗ ಮಿತ್ರರೇ, ನಿಮ್ಮಲ್ಲಿ ಎಷ್ಟು ಜನ ಟ್ರ್ಯಾಕ್ಟರಿಗೆ ಟ್ರಾಲಿ ಹೂಡುವುದನ್ನು ಹತ್ತಿರದಿಂದ ಕಂಡಿದ್ದೀರೋ ಕಾಣೆ, ಕಾಣದವರಿಗಾಗಿ ಹೇಳುತ್ತೇನೆ. ಟ್ರಾಲಿಯ ಮುಂದೆ ಕಬ್ಬಿಣದ ಮೂಕಿಯೊಂದು ಚಾಚಿಕೊಂಡಿರುತ್ತದೆ, ಅದರ ತುದಿಗೆ ಒಂದು ಬಳೆ. ಟ್ರ್ಯಾಕ್ಟರಿನ ಹಿಂದೆ ತೂತಿರುವ ಎರಡು ದಪ್ಪ ಪಟ್ಟಿ. ಪಟ್ಟಿಗಳ ನಡುವೆ ಬಳೆಯನ್ನು ತಂದು ನಿಲ್ಲಿಸಿ, ಮೇಲಿನಿಂದ ಹೆಬ್ಬೆರಳಿಗಿಂತ ದಪ್ಪದ ಉಕ್ಕಿನ ಪಿನ್ನನ್ನು ಇಳಿಬಿಡಬೇಕು. ಆ ಪಿನ್ನು ರಸ್ತೆಯ ಕುಲುಕಾಟಕ್ಕೆ ಮೇಲೆದ್ದು ಹಾರಿಹೋಗದ ಹಾಗೆ ಅದರ ಬುಡದ ತೂತಿಗೆ, ನನ್ನ ಕೀಲಿಗೊಂಚಲಿನಲ್ಲಿದ್ದಂಥ ಕ್ಲಿಪ್ಪನ್ನು ಸಿಕ್ಕಿಸಬೇಕು. ಪಿನ್ನೇ ಕೈಕೊಟ್ಟರೆ ಇರಲಿ ಎಂದು ಪಕ್ಕದಲ್ಲಿ ಸರಪಳಿಯೊಂದನ್ನು ಬಿಗಿಯಬೇಕು. ಆಮೇಲೆ ಗಾಡಿಯನ್ನು ಒಂದು ಮಾರು ಮುಂದೆ ಎಳೆದು, ಇಳಿದು, ಇನ್ನೊಮ್ಮೆ ಬಗ್ಗಿ ನೋಡಬೇಕು. ಇಷ್ಟೇ. ಇದಕ್ಕೆ ಹಿಡಿಯುವ ಹೊತ್ತು ಎಲೆ ಅಡಿಕೆ ಮಡಿಚಿ ಬಾಯಿಗಿಡುವಷ್ಟು.

ಆದರೆ ಎಲೆ ಅಡಿಕೆಗೆ ಇರುವ ಹೊತ್ತು ಇದಕ್ಕೆ ಇರುವುದಿಲ್ಲ. ನನ್ನ ಅಂಗಡಿಗೆ ಬರುವ ಶೂರರು ಮೊದಲು ಕೇಳುವುದು ಹಾರ್ನು. ಅದು ಎಂಥದೆಂದರೆ, ಅಕ್ಕಲಕೋಟದ ಸ್ಟ್ಯಾಂಡಿನಲ್ಲಿ ಊದಿದರೆ ಎಸ್.ಟಿ. ಬಸ್ಸಿನಲ್ಲಿ ಕುಳಿತ ಭಕ್ತರ ಕೈಯ ಪ್ರಸಾದ ಉದುರಬೇಕು. ಎರಡನೆಯದು ಹಾಡಿನ ಪೆಟ್ಟಿಗೆ. ಮೂರನೆಯದು ಬಣ್ಣಬಣ್ಣದ ಗೊಂಡೆ, ಮಿಣಮಿಣ ದೀಪ, ಟ್ರಾಲಿಯ ಬೆನ್ನಿಗೆ ತಾಯಿತಂದೆಯರ ಆಶೀರ್ವಾದವನ್ನು ಸಾರುವ ಮರಾಠಿ ಅಕ್ಷರಗಳು. ದೃಷ್ಟಿ ತಾಕದಿರಲೆಂದು ಕರಿ ಗೊಂಬೆ, ನಿಂಬೆಹಣ್ಣು, ಹಳೆಯ ಚಪ್ಪಲಿ. ಇಷ್ಟೆಲ್ಲ ಆದ ಮೇಲೆ ನಾನು ಮೆಲ್ಲಗೆ, ಪಿನ್ನಿಗೆ ಕ್ಲಿಪ್ಪು ಇದೆಯಾ ಎಂದು ಕೇಳಿದರೆ, ಮದುವೆಯ ಪಂಕ್ತಿಯಲ್ಲಿ ಕುಳಿತವನಿಗೆ ಹೊಟ್ಟೆಯ ಹುಳದ ಔಷಧಿ ನೆನಪಿಸಿದ ಹಾಗೆ ಮುಖ ಸಿಂಡರಿಸಿ, 'ಚಾಲ್ತಂಯ್ ಕೀ' ಎನ್ನುತ್ತಾರೆ. ನಡೆಯುತ್ತದೆ ಬಿಡಿ ಎಂದು ಅರ್ಥ. ನಮ್ಮ ಸೀಮೆಯಲ್ಲಿ ಜನ ಮನೆಯಲ್ಲಿ ಕನ್ನಡ ಆಡುತ್ತಾರೆ, ಪೇಟೆಯಲ್ಲಿ ಮರಾಠಿ ಆಡುತ್ತಾರೆ, ಜಗಳಕ್ಕೆ ಎರಡನ್ನೂ ಕಲಸುತ್ತಾರೆ. ಆದರೆ ಜೀವದ ಪ್ರಶ್ನೆ ಬಂದಾಗ ಎಲ್ಲರಿಗೂ ಈ ಎರಡು ಶಬ್ದವೇ ಸಾಕು.

ಕ್ಲಿಪ್ಪಿನ ಜಾಗದಲ್ಲಿ ಇವರು ಏನೇನು ಸಿಕ್ಕಿಸುತ್ತಾರೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ: ಬೇಲಿಯ ತಂತಿ, ಕೊಡೆಯ ಕಡ್ಡಿ, ತೆಂಗಿನ ನಾರು, ಒಬ್ಬ ಮಹಾಶಯನಂತೂ ಹಲ್ಲುಜ್ಜಿ ಉಳಿದ ಬೇವಿನ ಕಡ್ಡಿ. ಪಿನ್ನಿನ ಜಾಗದಲ್ಲಿ ಮನೆ ಕಟ್ಟಿ ಉಳಿದ ಸರಳಿನ ತುಂಡು. ಹೂಡುವ ರೀತಿಯೋ, ನೋಡಿದರೆ ಎದೆ ಝಲ್ಲೆನ್ನಬೇಕು. ಟ್ರ್ಯಾಕ್ಟರು ಹಿಂದೆ ಹಿಂದೆ ಬರುತ್ತಿರುತ್ತದೆ. ಅದರ ದೊಡ್ಡ ಗಾಲಿಗೂ ಟ್ರಾಲಿಯ ಮೂಕಿಗೂ ನಡುವೆ ಒಬ್ಬ ಮನುಷ್ಯ, ಹೆಂಡತಿ ಮಕ್ಕಳಿರುವ ಮನುಷ್ಯ, ಬಾಯಲ್ಲಿ ತಂಬಾಕು ಇಟ್ಟುಕೊಂಡು, ಬಾ ಬಾ ಎಂದು ಕೈಯಾಡಿಸುತ್ತ ನಿಂತಿರುತ್ತಾನೆ. ಕ್ಲಚ್ಚಿನ ಮೇಲಿನ ಕಾಲು ಒಂದು ಸಲ ಜಾರಿದರೆ ಅವನಿಗೆ ಮುಂದಿನ ತಂಬಾಕು ಬೇಕಾಗುವುದಿಲ್ಲ. ಪಕ್ಕಕ್ಕೆ ನಿಂತು ಕರೆ, ಗಾಡಿ ನಿಂತ ಮೇಲೆ ನಡುವೆ ಹೋಗು ಎಂದು ಹೇಳಲು ಹೋದರೆ ನಾವು ಅಂಜುಬುರುಕರು. ಸಕ್ಕರೆ ಕಾರ್ಖಾನೆಯ ಹಂಗಾಮು ಶುರುವಾಯಿತೆಂದರೆ ಇದೇ ವೀರರು ಒಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರಾಲಿ ಹೂಡಿ, ಆಕಾಶಕ್ಕೆ ಕಬ್ಬು ಪೇರಿಸಿ, ಹಾಡು ಹಚ್ಚಿಕೊಂಡು ಹೊರಡುತ್ತಾರೆ. ಹಿಂದಿನ ಟ್ರಾಲಿ ಯಾವುದರ ಆಧಾರದ ಮೇಲೆ ಬರುತ್ತಿದೆಯೆಂಬುದು ಅದರ ಹಿಂದೆ ಸೈಕಲ್ಲಿನಲ್ಲಿ ಬರುವವನ ಪುಣ್ಯಕ್ಕೆ ಬಿಟ್ಟ ವಿಷಯ.

ನಮ್ಮಪ್ಪನ ಕಾಲದಲ್ಲಿ ಹೀಗಿರಲಿಲ್ಲ ಎಂದು ಹೇಳಿದರೆ ನೀವು ನಗುತ್ತೀರಿ, ನನಗೆ ಗೊತ್ತು. ಹಳೆಯ ಕಾಲವನ್ನು ಹೊಗಳುವವರನ್ನು ಕಂಡರೆ ನನಗೂ ಅಷ್ಟಕ್ಕಷ್ಟೆ. ಆದರೂ ಹೇಳುತ್ತೇನೆ. ನನ್ನ ತವರು ಕುರನೂರ. ಹೊಲ, ಕುರಿ, ಬೋರಿ ಹೊಳೆಯ ನೀರು, ಇವಿಷ್ಟೇ ನಮ್ಮ ಆಸ್ತಿ. ಅಪ್ಪ ಚಕ್ಕಡಿ ಹೂಡುವ ಮೊದಲು ಬಗ್ಗಿ, ಎರಡೂ ಗಾಲಿಯ ಕಡಾಣಿಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದ. ಅಚ್ಚಿನಿಂದ ಗಾಲಿ ಕಳಚದಂತೆ ತಡೆಯುವ ಸಣ್ಣ ಕಬ್ಬಿಣದ ತುಂಡು ಅದು. ಕಣ್ಣಿಗೆ ಕಂಡರೂ ಮುಟ್ಟಿಯೇ ನೋಡಬೇಕು, ಆಮೇಲೆಯೇ ಎತ್ತು. ಎತ್ತು ಹೋಗಿ ಯಂತ್ರ ಬಂದಾಗ ನಮ್ಮ ಜನಕ್ಕೆ ಬೆನ್ನು ಬಗ್ಗಿಸುವ ಕಷ್ಟ ತಪ್ಪಿತು, ಜೊತೆಗೇ ಬಗ್ಗಿ ನೋಡುವ ಚಾಳಿಯೂ ತಪ್ಪಿತು.

ಈಗ ಆ ಮನೆಯ ಗಾಡಿ ನನ್ನ ತಮ್ಮ ಸಿದ್ದಪ್ಪನ ಕೈಯಲ್ಲಿದೆ. ಸಿದ್ದಪ್ಪ ಒಳ್ಳೆಯವನು, ಒಳ್ಳೆಯವರೇ ನನಗೆ ಹೆಚ್ಚು ಸಿಟ್ಟು ತರಿಸುವವರು. ಅವನ ಟ್ರಾಲಿಗೆ ಪಿನ್ನು, ಕ್ಲಿಪ್ಪು, ಸರಪಳಿ ಎಲ್ಲವನ್ನೂ ನಾನೇ ಅಂಗಡಿಯಿಂದ ಒಯ್ದು ಕೊಟ್ಟು, ನಾನೇ ನಿಂತು ಹಾಕಿಸಿ ಬಂದಿದ್ದೆ. ಉಳಿದ ಜಗತ್ತು ಏನಾದರೂ ಮಾಡಿಕೊಳ್ಳಲಿ, ನನ್ನ ತವರಿನ ಟ್ರಾಲಿ ಭದ್ರವಾಗಿದೆ ಎಂದು ಸಮಾಧಾನವಾಗಿದ್ದೆ.

ಹೋದ ವರ್ಷದ ಹಿಂದಿನ ದಸರೆಗೆ ತವರಿಗೆ ಹೋದೆ. ಖಂಡೆ ಪೂಜೆಯ ದಿನ. ನಮ್ಮ ಮನೆಯಲ್ಲಿ ಆವತ್ತು ಕುಡುಗೋಲು, ಕೊಡಲಿ, ಕುರಿಯ ಉಣ್ಣೆ ಕತ್ತರಿಸುವ ಕತ್ತರಿ, ಹಾರೆ, ಈಳಿಗೆ ಎಲ್ಲವನ್ನೂ ತೊಳೆದು ದೇವರ ಮಾಡದ ಮುಂದೆ ಸಾಲಾಗಿಟ್ಟು ಅರಿಷಿಣದ ಭಂಡಾರ ಹಚ್ಚುತ್ತಾರೆ. ಹಾಗೆ ಪೂಜೆಗೆ ಕೂತ ಕಬ್ಬಿಣವನ್ನು ಮರುದಿನ ಬನ್ನಿ ಕೊಟ್ಟು ತೆಗೆದುಕೊಳ್ಳುವವರೆಗೆ ಯಾರೂ ಎತ್ತುವುದಿಲ್ಲ. ಆ ದಿನ ಕಾಯಿಪಲ್ಲೆ ಕೂಡ ಕೈಯಿಂದ ಮುರಿದೇ ಮಾಡುವುದು. ನನಗೆ ಈ ಪದ್ಧತಿ ಇಷ್ಟ. ವರ್ಷವಿಡೀ ದುಡಿಯುವ ಕತ್ತಿಗೆ ಒಂದು ದಿನದ ಬಿಡುವು ಕೊಡುವ ಜನ ಅಷ್ಟೇನೂ ಕೆಟ್ಟವರಾಗಿರಲಾರರು ಎಂದು ನಾನೇ ಎಷ್ಟೋ ಸಲ ಹೆಮ್ಮೆಪಟ್ಟಿದ್ದೇನೆ.

ಮಧ್ಯಾಹ್ನ ಹೊಳೆಯಾಚೆಯ ದಿಬ್ಬದ ಮೇಲಿರುವ ಬೀರಪ್ಪನಿಗೆ ನೈವೇದ್ಯ ಒಯ್ಯಬೇಕಿತ್ತು. ಟ್ರಾಲಿಯಲ್ಲಿ ಆಗಲೇ ಹೆಂಗಸರು ಹತ್ತಿ ಕುಳಿತಿದ್ದರು. ಮನುಷ್ಯರನ್ನು ಕಬ್ಬಿನ ಹಾಗೆ ಹೇರುವುದರ ಬಗ್ಗೆ ನಾನು ಹೇಳಬೇಕಾದ್ದನ್ನೆಲ್ಲ ಹಿಂದಿನ ವರ್ಷಗಳಲ್ಲೇ ಹೇಳಿ ಮುಗಿಸಿದ್ದೆ. ನಡುವೆ ಹುಗ್ಗಿಯ ದೊಡ್ಡ ಹಂಡೆ, ಅದರ ಪಕ್ಕ ಎಪ್ಪತ್ತು ದಾಟಿದ ನಮ್ಮವ್ವ, ಅವಳ ಪಕ್ಕ ವಾಗದರಿ ಊರಿಗೆ ಕೊಟ್ಟ ಸಿದ್ದಪ್ಪನ ಮಗಳು ರೇಖಾ, ಬಾಣಂತನಕ್ಕೆ ಬಂದವಳು, ಮಡಿಲಲ್ಲಿ ಇನ್ನೂ ಕತ್ತು ನಿಲ್ಲದ ಕೂಸು. ನಾನು ಅಭ್ಯಾಸಬಲದಿಂದ ಮೂಕಿಯ ಹತ್ತಿರ ಬಗ್ಗಿ ನೋಡಿದೆ. ಉಕ್ಕಿನ ಪಿನ್ನು ಇರಬೇಕಾದ ಜಾಗದಲ್ಲಿ ಜಾಲಿಮರದ ಗೂಟವೊಂದು ತೂರಿಸಿಕೊಂಡು ನಿಂತಿತ್ತು. ಕುರಿಹಟ್ಟಿಯ ಬಲೆ ಕಟ್ಟಲು ನೆಲಕ್ಕೆ ಹೊಡೆಯುವ ಗೂಟ.

ಪಿನ್ನು, ಕ್ಲಿಪ್ಪು, ಸರಪಳಿ ಮೂರೂ ದೇವರ ಮುಂದೆ ಕುಡುಗೋಲಿನ ಪಕ್ಕದಲ್ಲಿ ಭಂಡಾರ ಬಳಿದುಕೊಂಡು ಕೂತಿದ್ದವು. ಅಕ್ಕ ಇಷ್ಟು ಜೋಪಾನ ಮಾಡುವ ವಸ್ತುವೆಂದ ಮೇಲೆ ಅದೂ ಆಯುಧವೇ ಇರಬೇಕೆಂದು ಸಿದ್ದಪ್ಪ ಅವನ್ನು ಕಳಚಿ, ಹುಣಸೆಹಣ್ಣಿನಿಂದ ತಿಕ್ಕಿ, ಎಲ್ಲಕ್ಕಿಂತ ಮುಂದೆ ಇಟ್ಟಿದ್ದ. ಸರಿ, ಪೂಜೆಯಾಯಿತಲ್ಲ, ತಾ ಎಂದೆ. ಅವನು ತಲೆಯಾಡಿಸಿದ.

"ಪೂಜಿಗಿ ಕೂತದ್ದು ನಾಳೆ ಬನ್ನಿ ಕೊಡೂತನಕ ಏಳಂಗಿಲ್ಲಕ್ಕಾ. ಇವತ್ತ ಕಬ್ಬಿಣ ಮುಟ್ಟಬಾರದು ಅಂತನ ಕಟಗಿ ಹಾಕೀನಿ. ಚಾಲ್ತಂಯ್ ಕೀ."

ಅವನು ಈ ಮಾತನ್ನು ಹೇಳಿದ್ದು ಎರಡು ಟನ್ ಕಬ್ಬಿಣದ ಮೇಲೆ ಕುಳಿತು, ಕಬ್ಬಿಣದ ಸ್ಟೀರಿಂಗ್ ಹಿಡಿದುಕೊಂಡು. ಹಾಗಾದರೆ ಟ್ರ್ಯಾಕ್ಟರು ಏನು ಬೆಲ್ಲದ್ದೋ ಎಂದು ಕೇಳಿದೆ. ಅದು ದೇವರ ಕೆಲಸಕ್ಕೆ ಹೊರಟಿದೆ, ಅದಕ್ಕೆ ದೋಷವಿಲ್ಲ ಎಂಬ ಉತ್ತರ ಬಂತು. ದೇವರ ಕೆಲಸಕ್ಕೆ ಹೊರಟ ಟ್ರ್ಯಾಕ್ಟರಿಗೆ ಇಲ್ಲದ ದೋಷ ಅದೇ ಕೆಲಸಕ್ಕೆ ಹೊರಟ ಪಿನ್ನಿಗೆ ಹೇಗೆ ಬಂತೆಂದು ಕೇಳಿದೆ. ಟ್ರಾಲಿಯ ಹೆಂಗಸರಿಗೆ ಹೊತ್ತಾಗುತ್ತಿತ್ತು. ಸೊಲ್ಲಾಪುರದವರಿಗೆ ಎಲ್ಲದಕ್ಕೂ ಅಂಜಿಕೆ ಎಂದು ಯಾರೋ ನಕ್ಕರು. ನಾನು ಅವ್ವನ ಮುಖ ನೋಡಿದೆ. ಆ ಮನೆಯಲ್ಲಿ ಪೂಜೆಯ ವಿಷಯಕ್ಕೆ ಕೊನೆಯ ಮಾತು ಅವಳದು. ಅವಳು ಸೆರಗು ಸರಿಮಾಡಿಕೊಂಡು, ಒಮ್ಮೆ ಕೂತದ್ದನ್ನು ಎಬ್ಬಿಸಬಾರದು, ನೀನು ಹತ್ತಿ ಕೂಡು ಎಂದಳು.

ಹತ್ತಿ ಕುಳಿತೆ. ನನ್ನ ಜ್ಞಾನವನ್ನು ಎದೆಗವುಚಿಕೊಂಡು ರಸ್ತೆಯಲ್ಲಿ ನಿಂತುಬಿಡಬಹುದಿತ್ತು. ಆದರೆ ಅವ್ವನೂ ಕೂಸೂ ಒಳಗಿರುವಾಗ ಹೊರಗೆ ನಿಂತು ಸರಿಯಾಗಿರುವುದರಿಂದ ಯಾರಿಗೆ ಏನು ಬಂತು? ಅದಲ್ಲದೆ ಹಂಡೆಗೂ ರೇಖಾಳಿಗೂ ನಡುವೆ ಒಬ್ಬರು ಕೂರುವಷ್ಟು ಜಾಗವಿತ್ತು. ಅಲ್ಲಿ ತೂರಿಕೊಂಡೆ.

ಸಮ ನೆಲದ ಮೇಲೆ ಗೂಟ ತನ್ನ ಕರ್ತವ್ಯವನ್ನು ನಿಭಾಯಿಸಿತು. ಸೇತುವೆ ದಾಟಿ ದಿಬ್ಬದ ಏರು ಶುರುವಾದಾಗ ಕೆಳಗಿನಿಂದ ಲಟ್ಟೆಂಬ ಶಬ್ದ ಬಂತು, ಮೂಕಿ ನೆಲಕ್ಕೆ ಬಿತ್ತು, ನಾವೆಲ್ಲ ಮುಂದಕ್ಕೆ ಒಬ್ಬರ ಮೇಲೊಬ್ಬರು ಜಾರಿದೆವು, ಟ್ರಾಲಿ ಹಿಂದಕ್ಕೆ ಹೊರಟಿತು. ನೆಲ ಕೆರೆಯುವ ಮೂಕಿಯ ಕರ್ಕಶ ಶಬ್ದ ಈಗಲೂ ನನ್ನ ಹಲ್ಲುಗಳಲ್ಲಿದೆ. ಹಿಂದೆ ಸೇತುವೆ, ಸೇತುವೆಯ ಕೆಳಗೆ ದಸರೆಯ ತುಂಬು ನೀರು. ರಸ್ತೆಯ ಅಂಚಿಗೆ ಯಾವ ಪುಣ್ಯಾತ್ಮ ನೆಟ್ಟಿದ್ದನೋ, ಒಂದು ಕಲ್ಲುಕಂಬಕ್ಕೆ ಗಾಲಿ ಬಡಿದು ಟ್ರಾಲಿ ನಿಂತಿತು. ಕೂಸು ರೇಖಾಳ ಎದೆಗೂ ನನ್ನ ಬೆನ್ನಿಗೂ ನಡುವೆ ಸಿಕ್ಕಿಕೊಂಡು ಒಮ್ಮೆ ಅತ್ತು ಮತ್ತೆ ನಿದ್ದೆ ಹೋಯಿತು. ಹಂಡೆ ಮಾತ್ರ ಉರುಳಿ ಅವ್ವನ ಬಲಗೈಯ ಮೇಲೆ ಕುಳಿತಿತ್ತು.

ನಮ್ಮ ಸಾರಥಿ ಅಷ್ಟು ಹೊತ್ತಿಗೆ ದಿಬ್ಬದ ತುದಿ ಮುಟ್ಟಿದ್ದ. ಹಾಡಿನ ಅಬ್ಬರದಲ್ಲಿ ಅವನಿಗೆ ಏನೂ ಕೇಳಿಸಿರಲಿಲ್ಲ. ಗಾಡಿ ಇವತ್ತು ಎಷ್ಟು ಹಗುರಾಗಿ ಏರುತ್ತಿದೆ ಎಂದು ಸಂತೋಷಪಟ್ಟನಂತೆ, ಆಮೇಲೆ ತಾನೇ ಹೇಳಿದ. ಗುಡಿಯ ಮುಂದೆ ನಿಲ್ಲಿಸಿ, ಇಳಿಯಿರಿ ಎಂದು ಹೇಳಲು ತಿರುಗಿದಾಗಲೇ ಅವನಿಗೆ ತಾನು ಯಾರನ್ನೂ ತಂದಿಲ್ಲವೆಂದು ತಿಳಿದದ್ದು.

ಇನ್ನು ಮುಂದಿನದು ನೀವು ಊಹಿಸಬಲ್ಲಿರಿ. ನದಿಗೆ ಬೀಳಬೇಕಾದವರು ಬದುಕಿದರು, ಆದ್ದರಿಂದ ಬೀರಪ್ಪನೇ ಬಂದು ಟ್ರಾಲಿ ಹಿಡಿದ. ಸಂಜೆಯೊಳಗೆ ಊರು ಇದನ್ನು ಒಪ್ಪಿಕೊಂಡಿತು. ಒಬ್ಬಳು ಕುದುರೆಯ ಗೊರಸಿನ ಸಪ್ಪಳ ಕೇಳಿದ್ದಳು, ಇನ್ನೊಬ್ಬಳಿಗೆ ಕಂಬಳಿ ಹೊದ್ದವನ ಬೆನ್ನು ಕಂಡಿತ್ತು. ಮುರಿದ ಗೂಟದ ಎರಡು ತುಂಡುಗಳನ್ನು ಸಿದ್ದಪ್ಪ ಕಣ್ಣಿಗೊತ್ತಿಕೊಂಡು ತಂದು, ಭಂಡಾರ ಹಚ್ಚಿ, ದೇವರ ಮಾಡದಲ್ಲಿ ಇಟ್ಟ. ಉಕ್ಕಿನ ಪಿನ್ನಿಗೆ ಒಂದೇ ದಿನದ ಪೂಜೆ. ಕೈಕೊಟ್ಟ ಕಟ್ಟಿಗೆಗೆ ನಿತ್ಯಪೂಜೆ. ನೋಡಲು ಬಂದವರು ಗೂಟಕ್ಕೆ ಊದುಬತ್ತಿ ಬೆಳಗಿ ಹೋದರು, ಮತ್ತು ಅವರಲ್ಲಿ ಒಬ್ಬನೂ ಮನೆಗೆ ಹೋಗಿ ತನ್ನ ಟ್ರಾಲಿಯ ಮೂಕಿ ನೋಡಲಿಲ್ಲ. ದೇವರನ್ನು ನಾನು ನಂಬುತ್ತೇನೆ. ಆದರೆ ನಮ್ಮ ಬೇಜವಾಬ್ದಾರಿಗೆ ಅವನನ್ನು ಸಂಬಳವಿಲ್ಲದ ಕಾವಲುಗಾರನಾಗಿ ಇಟ್ಟುಕೊಂಡಿರುವ ಈ ಭಕ್ತಿಯನ್ನು ಕಂಡರೆ ನನಗೆ ಹೇಸಿಗೆಯಾಗುತ್ತದೆ.

ಅವ್ವನ ಕೈಗೆ ಸೊಲ್ಲಾಪುರದಲ್ಲಿ ಪ್ಲಾಸ್ಟರು ಹಾಕಿಸಿ ನನ್ನ ಮನೆಯಲ್ಲೇ ಇಟ್ಟುಕೊಂಡೆ. ಅವಳು ಆ ದಿನದ ಬಗ್ಗೆ ತುಟಿ ಬಿಚ್ಚಲಿಲ್ಲ. ಪೂಜೆಯ ಮಾತಿನಲ್ಲಿ ತಾನು ತಪ್ಪಿದೆನೆಂದು ಅವಳಿಂದ ಹೇಳಿಸುವುದು ಬೋರಿ ಹೊಳೆಯನ್ನು ಹಿಂದಕ್ಕೆ ಹರಿಸಿದ ಹಾಗೆ, ನಾನೂ ಕೆದಕಲಿಲ್ಲ. ಒಂದು ಬೆಳಿಗ್ಗೆ ನಾನು ಅಂಗಡಿಗೆ ಹೊರಟಾಗ ಕೀಲಿಗೊಂಚಲನ್ನು ಎಡಗೈಯಿಂದ ಹಿಡಿದು, ಇದೇನಿದು, ದಿನಾ ಹಿಡಿದುಕೊಂಡು ತಿರುಗುತ್ತೀಯಲ್ಲ ಎಂದು ಕೇಳಿದಳು. ನನಗೆ ಅಷ್ಟೇ ಸಾಕಾಯಿತು. ಲಟ್ಟಣಿಗೆಯನ್ನು ಪಿನ್ನು ಮಾಡಿ, ಬಳೆಯನ್ನು ಮೂಕಿ ಮಾಡಿ, ಕುಲುಕಾಟಕ್ಕೆ ಪಿನ್ನು ಹೇಗೆ ಮೇಲೇಳುತ್ತದೆ, ಕ್ಲಿಪ್ಪು ಹೇಗೆ ತಡೆಯುತ್ತದೆ, ಏರಿನಲ್ಲಿ ಭಾರ ಎತ್ತ ಎಳೆಯುತ್ತದೆ ಎಂದು ವರ್ಷಗಟ್ಟಲೆ ಗಿರಾಕಿಗಳಿಗೆ ಹೇಳಿ ಸವೆದ ಭಾಷಣವನ್ನೆಲ್ಲ ಒಪ್ಪಿಸಿದೆ. ಅವ್ವ ಕೊನೆಯವರೆಗೂ ಕೇಳಿದಳು.

"ಕಡಾಣಿ ಅನ್ನು," ಎಂದಳು.

ಆಮೇಲೆ ಕ್ಲಿಪ್ಪಿನ ಡೊಂಕು ಕಾಲನ್ನು ಬೆರಳಿನಿಂದ ಒಮ್ಮೆ ಮುಟ್ಟಿ, ಗೊಂಚಲನ್ನು ನನ್ನ ಕೈಗೆ ಕೊಟ್ಟು, ಗೋಡೆಯ ಕಡೆ ತಿರುಗಿ ಮಲಗಿದಳು.

ಮತ್ತೆ ದಸರೆ ಬಂತು, ನಾನು ಮತ್ತೆ ಕುರನೂರಿಗೆ ಹೋದೆ. ಅಡುಗೆಮನೆಯಲ್ಲಿ ಅವ್ವ ಹುಗ್ಗಿಗೆ ಒಲೆ ಹಚ್ಚಿದ್ದಳು. ಬಲಗೈ ಪೂರ್ತಿ ಚಾಚುವುದಿಲ್ಲ, ಎಡಗೈಯಲ್ಲೇ ಕಟ್ಟಿಗೆ ನೂಕುತ್ತಿದ್ದಳು. ಇದ್ದಕ್ಕಿದ್ದಂತೆ ಎದ್ದು ದೇವರ ಮಾಡಕ್ಕೆ ಹೋಗಿ, ವರ್ಷವಿಡೀ ಭಂಡಾರ ಉಂಡು ಹಳದಿಯಾಗಿದ್ದ ಗೂಟದ ಎರಡೂ ತುಂಡುಗಳನ್ನು ತಂದು ಒಲೆಗಿಟ್ಟಳು. ಸಿದ್ದಪ್ಪ ಹೊಸ್ತಿಲಲ್ಲೇ ಗರ ಬಡಿದವನಂತೆ ನಿಂತ. ಅವ್ವಾ, ಅದು ನಮ್ಮನ್ನ ಉಳಿಸ್ಯಾದ ಎಂದ.

"ಅದು ಮುರದದ," ಎಂದಳು ಅವ್ವ. "ಉಳಿಸಿದ್ದು ಅದಲ್ಲ."

ಒಣಗಿದ ಜಾಲಿ ಚೆನ್ನಾಗಿ ಉರಿಯಿತು. ಹುಗ್ಗಿ ಬೆಂದಿತು. ಅವ್ವ ಭಂಡಾರದ ಬಟ್ಟಲು ಹಿಡಿದು ಅಂಗಳಕ್ಕೆ ಬಂದಾಗ ಸಿದ್ದಪ್ಪ ಪದ್ಧತಿಯಂತೆ ಪಿನ್ನು ಕಳಚಲು ಮೂಕಿಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತಿದ್ದ. ಅವಳು ಅವನ ಭುಜ ಮುಟ್ಟಿ ಪಕ್ಕಕ್ಕೆ ಸರಿಸಿದಳು. ನಮ್ಮಪ್ಪ ಹೋಗಿ ಬಹಳ ವರ್ಷಗಳಾದವು. ಅವ್ವ ತನ್ನ ಬರಿಯ ಕೊರಳ ಮೇಲೆ ಕೈಯಿಟ್ಟುಕೊಂಡು ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ತಾಳಿಗಿ ಅರಿಷಿಣ ಕೊಳ್ಳಾಗ ಇದ್ದಾಗನ ಹಚ್ಚತಾರ. ಪೂಜಿ ಅಂತ ನಾ ಒಂದ ದಿನಾನೂ ತಗದಿಟ್ಟಾಕಿ ಅಲ್ಲ. ಇದೂ ಹಂಗ. ಇದ್ದಲ್ಲೇ ಪೂಜಿ ಆಗ್ಲಿ."

ಬಗ್ಗಿ, ಇದ್ದಲ್ಲೇ ಪಿನ್ನಿನ ತಲೆಗೆ ಭಂಡಾರ ಹಚ್ಚಿದಳು. ನಾನು ಇಷ್ಟು ವರ್ಷ ಭಾರ, ಎಳೆತ, ಇಳಿಜಾರು ಎಂದು ಒದರಿದ್ದಕ್ಕೆಲ್ಲ 'ಚಾಲ್ತಂಯ್ ಕೀ' ಎಂದ ನನ್ನ ತಮ್ಮ, ಈ ಮಾತಿಗೆ ತಲೆಬಾಗಿ ಕೈಮುಗಿದ. ಸಂತೋಷವಾಯಿತೇ ಎಂದು ಕೇಳಬೇಡಿ. ಆಯಿತು, ಹೊಟ್ಟೆಯೂ ಉರಿಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಅವ್ವ ಪಿನ್ನಿನ ಬುಡವನ್ನು ಬೆರಳಿನಿಂದ ತಡವಿದಳು. ಅಲ್ಲಿ ತಂತಿಯ ತುಂಡು ಸುತ್ತಿತ್ತು. ನಾನು ಕೊಟ್ಟ ಕ್ಲಿಪ್ಪು ಎಲ್ಲಿ ಎಂದರೆ, ಹಾಡಿನ ಪೆಟ್ಟಿಗೆಯ ಬಾಗಿಲು ಕುಲುಕಾಟಕ್ಕೆ ತೆರೆದುಕೊಳ್ಳುತ್ತಿತ್ತೆಂದು ಸಿದ್ದಪ್ಪ ಅದಕ್ಕೆ ಸಿಕ್ಕಿಸಿದ್ದನಂತೆ, ಅಲ್ಲಿಂದ ಅದು ಎಲ್ಲೋ ಬಿದ್ದುಹೋಯಿತಂತೆ. ಅವ್ವ ತಲೆಯೆತ್ತದೆ ಎಡಗೈಯನ್ನು ನನ್ನ ಕಡೆ ಚಾಚಿದಳು. ನಾನು ಕೀಲಿಕೈಗಳನ್ನು ಒಂದೊಂದಾಗಿ ಕಳಚಿ ಸೆರಗಿಗೆ ಹಾಕಿಕೊಂಡು ಕ್ಲಿಪ್ಪನ್ನು ಅವಳ ಅಂಗೈಗಿಟ್ಟೆ. ಪೂರ್ತಿ ಚಾಚದ ಬಲಗೈಯಿಂದ ಪಿನ್ನನ್ನು ಒತ್ತಿ ಹಿಡಿದು, ಎಡಗೈಯಿಂದ ಅದನ್ನು ತೂತಿಗೆ ನೂಕಿದಳು. ಟಕ್ ಎಂದು ಕೂತಿತು. ಕೂತ ಮೇಲೂ ಒಮ್ಮೆ ಮುಟ್ಟಿ ನೋಡಿದಳು.

ಊರು ಬದಲಾಯಿತೆಂದು ನಾನು ಹೇಳುತ್ತಿಲ್ಲ. ಸುಳ್ಳು ಹೇಳಿ ನಿಮ್ಮ ಮನಸ್ಸನ್ನು ತಣಿಸುವ ಉದ್ದೇಶ ನನಗಿಲ್ಲ. ಆ ದಿನವೂ ಇಬ್ಬರು ಗಂಡಸರು ಓಡುತ್ತಿರುವ ಗಾಡಿಯ ಮೂಕಿಯ ಮೇಲೆಯೇ ನಿಂತು ದಿಬ್ಬ ಏರಿದರು. ಹಾರ್ನುಗಳ ವ್ಯಾಪಾರ ನನ್ನ ಅಂಗಡಿಯಲ್ಲಿ ಹಾಗೆಯೇ ನಡೆದಿದೆ. ಅವ್ವ ಮಾತ್ರ ಟ್ರಾಲಿ ಹತ್ತಲಿಲ್ಲ. ಹಂಡೆ ಹೋಗಲಿ, ನಾವು ನಡೆಯೋಣ ಎಂದು ರೇಖಾಳ ಕೂಸನ್ನು ಎಡಗಂಕುಳಿಗೆ ಹಾಕಿಕೊಂಡು ಹೊರಟಳು. ಸೇತುವೆ ದಾಟಿದ ಮೇಲೆ ಆ ಕಲ್ಲುಕಂಬದ ಹತ್ತಿರ ನಿಂತು, ಸೆರಗಿನ ತುದಿಯಲ್ಲಿದ್ದ ಉಳಿದ ಭಂಡಾರವನ್ನು ಅದಕ್ಕೆ ಒರೆಸಿದಳು.

ಈಗ ನನ್ನ ಕೀಲಿಕೈಗಳು ಒಂದು ಹಳದಿ ದಾರದಲ್ಲಿವೆ. ಅವ್ವನೇ ಕಟ್ಟಿಕೊಟ್ಟದ್ದು. ಗಂಟು ವಾರಕ್ಕೊಮ್ಮೆ ಸಡಿಲವಾಗುತ್ತದೆ, ಕೀಲಿಗಳು ಚೀಲದ ತಳದಲ್ಲಿ ಚೆಲ್ಲಾಪಿಲ್ಲಿಯಾಗುತ್ತವೆ, ಬೆಳಿಗ್ಗೆ ಅಂಗಡಿಯ ಮುಂದೆ ನಿಂತು ತಡಕಾಡುವಾಗ ಗಿರಾಕಿಗಳು ಗೊಣಗುತ್ತಾರೆ. ಗೋದಾಮಿನಲ್ಲಿ ಕ್ಲಿಪ್ಪುಗಳ ಡಬ್ಬಿಗಳೇ ಇವೆ, ಒಂದನ್ನು ತೆಗೆದು ಹಾಕಿಕೊಳ್ಳಬಾರದೇ ಎಂದು ಯಜಮಾನರು ಕೇಳಿದರು. ಹಾಕಿಕೊಂಡಿಲ್ಲ. ತಡಕಾಡುವಾಗಲೆಲ್ಲ ನನ್ನ ಕ್ಲಿಪ್ಪು ಈಗ ಎಲ್ಲಿದೆಯೆಂಬುದು ನೆನಪಾಗುತ್ತದೆ, ಅಲ್ಲಿ ಇನ್ನೂ ಇದೆಯೇ ಎಂಬ ಅನುಮಾನವೂ ಬರುತ್ತದೆ. ಆಗ ಗಿರಾಕಿಗಳನ್ನು ಮೆಟ್ಟಿಲ ಮೇಲೆ ಕಾಯಿಸಿ, ಮೊದಲು ಕುರನೂರಿಗೆ ಫೋನು ಹಚ್ಚಿ, ಸಿದ್ದಪ್ಪನನ್ನು ಮೂಕಿಯ ಹತ್ತಿರ ಬಗ್ಗಿಸುತ್ತೇನೆ. ಅವನು ಮುಟ್ಟಿ ನೋಡಿ 'ಅಲ್ಲೇ ಅದ' ಎಂದ ಮೇಲೆಯೇ ಅಂಗಡಿಯ ಬಾಗಿಲು ತೆರೆಯುತ್ತೇನೆ.